ಅಣ್ಣಾವ್ರ ಹೆಸರನ್ನು ಒಪ್ಪದ ಫಾರ್ಮ್

ಪುಣೆಯ ಒಂದು ಕನ್ನಡ ಸಂಘದ ಹಾಲ್‌ನಲ್ಲಿ ಪ್ರತಿ ಭಾನುವಾರ ಬೆಳಗ್ಗೆ ಮಕ್ಕಳಿಗೆ ಕನ್ನಡ ಕಲಿಸುತ್ತಾರೆ. ಸೀಟು ಮೂವತ್ತು. ಹಾಲ್‌ನಲ್ಲಿರುವ ಡೆಸ್ಕುಗಳೂ ಅಷ್ಟೇ. ಹೆಸರು ಬರೆಸಿಕೊಳ್ಳುವ ಕೆಲಸ ಅನೇಕ ವರ್ಷ ಖಜಾಂಚಿಯವರ ಉದ್ದನೆಯ ರಿಜಿಸ್ಟರಿನಲ್ಲಿ ನಡೆದಿತ್ತು. ಹೋದ ವರ್ಷ ಅವರ ಕಣ್ಣಿನ ಆಪರೇಷನ್ ಆದ ಮೇಲೆ, ಹಿಂಜವಡಿಯ ಕಂಪನಿಯೊಂದರಲ್ಲಿ ಫ್ರಂಟ್‌ಎಂಡ್ ಕೆಲಸ ಮಾಡುವ ಒಬ್ಬಳು ‘ನಾನೊಂದು ಆನ್‌ಲೈನ್ ಫಾರ್ಮ್ ಮಾಡಿಕೊಡ್ತೀನಿ’ ಎಂದಳು. ತುಮಕೂರಿನವಳು. ಪುಣೆಗೆ ಬಂದು ಒಂಬತ್ತು ವರ್ಷ.

ಫಾರ್ಮುಗಳ ಮೇಲೆ ಅವಳಿಗೊಂದು ಹಳೆಯ ಸಿಟ್ಟಿತ್ತು. ಬಂದ ಹೊಸತರಲ್ಲಿ ಬ್ಯಾಂಕ್ ಖಾತೆ ತೆರೆಯಲು ಹೋದಾಗ ‘ಸರ್‌ನೇಮ್’ ಎಂಬ ಚೌಕ ಖಾಲಿ ಬಿಟ್ಟರೆ ಮುಂದೆ ಹೋಗಲು ಬಿಡಲಿಲ್ಲ. ಹಳೇ ಮೈಸೂರಿನ ಕಡೆಯವರಿಗೆ ಸರ್‌ನೇಮ್ ಎಲ್ಲಿಂದ ಬರಬೇಕು? ಹೆಸರಿನ ಹಿಂದೆ ಊರಿನದೊಂದು, ಅಪ್ಪನದೊಂದು ಇನಿಶಿಯಲ್, ಅಲ್ಲಿಗೆ ಮುಗಿಯಿತು. ಇನಿಶಿಯಲ್ ಒಂದನ್ನೇ ಹಾಕಿದರೆ ‘ಕನಿಷ್ಠ ಎರಡು ಅಕ್ಷರ ಬೇಕು’ ಎಂದಿತು ಪರದೆ. ಕೌಂಟರಿನ ಹುಡುಗ ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿಬಿಟ್ಟ. ಆಮೇಲೆ ಹೋದಲ್ಲೆಲ್ಲ ಅವಳನ್ನು ಅಪ್ಪನ ಹೆಸರು ಹಿಡಿದೇ ಕರೆದರು. ಮುಂಬೈಯಲ್ಲೋ ದೆಹಲಿಯಲ್ಲೋ ನೆಲೆಸಿದ ದಕ್ಷಿಣ ಕರ್ನಾಟಕದವರಲ್ಲಿ ಇಂಥ ಕಥೆ ಇಲ್ಲದವರು ಕಡಿಮೆ. ಬಿಜಾಪುರ, ಧಾರವಾಡದ ಕಡೆಯವರು ಈ ವಿಷಯದಲ್ಲಿ ಪುಣ್ಯವಂತರು. ಉಳ್ಳಾಗಡ್ಡಿಯೋ ಮೆಣಸಿನಕಾಯಿಯೋ, ಅಂತೂ ಒಂದು ಅಡ್ಡಹೆಸರು ಇದ್ದೇ ಇರುತ್ತದೆ.

ಹಾಗಾಗಿ ಅವಳ ಫಾರ್ಮಿನಲ್ಲಿ ಹೆಸರಿಗೆ ಒಂದೇ ಚೌಕ. ಸರ್‌ನೇಮ್ ಬೇಕಿಲ್ಲ, ಇನಿಶಿಯಲ್ ಎಲ್ಲಿ ಬೇಕಾದರೂ ಇರಬಹುದು, ಕನ್ನಡದಲ್ಲೇ ಬರೆಯಬಹುದು. ಅವಳಿಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು.

ಫಾರ್ಮ್ ತಯಾರಿಸುವವರ ಮುಂದೆ ಮೊದಲು ಬರುವ ಪ್ರಶ್ನೆ, ತುಂಬಿದ್ದು ಸರಿಯಿದೆಯೇ ಎಂದು ನೋಡುವುದು ಹೇಗೆ ಎಂಬುದು. ಜಾವಾಸ್ಕ್ರಿಪ್ಟ್ ಹುಟ್ಟಿದ ಕಾಲದಿಂದಲೂ ಅದಕ್ಕೆ ಈ ಕೆಲಸ ಅಂಟಿಕೊಂಡಿದೆ. 1995ರಲ್ಲಿ ನೆಟ್‌ಸ್ಕೇಪ್‌ನ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಅದರ ಮೊದಲ ರೂಪ ಕಟ್ಟಿದಾಗ ಜನರ ಮನೆಯಲ್ಲಿದ್ದದ್ದು ಮೋಡೆಮ್. ಒಂದು ಚೌಕ ಖಾಲಿ ಉಳಿದಿದೆ ಎಂದು ತಿಳಿಯಲು ಇಡೀ ಫಾರ್ಮ್ ಸರ್ವರಿಗೆ ಹೋಗಿ ವಾಪಸ್ ಬರಬೇಕಿತ್ತು. ಬ್ರೌಸರಿನಲ್ಲೇ ನೋಡಿ ಹೇಳಿಬಿಟ್ಟರೆ ಆ ಓಡಾಟ ಉಳಿಯುತ್ತದೆ. ಇವತ್ತಿಗೂ ಅದರ ಉಪಯೋಗ ಇಷ್ಟೇ. ಬ್ರೌಸರಿನಲ್ಲಿ ಮಾಡುವ ತಪಾಸಣೆ ತುಂಬುವವರಿಗೆ ಮಾಡುವ ಉಪಕಾರ, ಅದರಿಂದ ರಕ್ಷಣೆ ಸಿಗುವುದಿಲ್ಲ. ಅದನ್ನು ಬದಿಗೆ ಸರಿಸಿ ನೇರ ಸರ್ವರಿಗೆ ಏನು ಬೇಕಾದರೂ ಕಳಿಸುವುದು ಬಲ್ಲವರಿಗೆ ಎರಡು ನಿಮಿಷದ ಕೆಲಸ. ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ರಿಜಿಸ್ಟರ್ ಹಿಡಿದು ಕೂತಿದ್ದಾನೆಂದು ಯಾರೂ ಮನೆಗೆ ಬೀಗ ಹಾಕದೆ ಹೋಗುವುದಿಲ್ಲವಲ್ಲ.

ಇದಕ್ಕಾಗಿ ಸಿಕ್ಕುವ ಲೈಬ್ರರಿಗಳು ಬೇಕಾದಷ್ಟಿವೆ. ಐದು ಚೌಕದ ಫಾರ್ಮಿಗೆ ಅವು ಮದುವೆ ಮನೆಯ ಕಡಾಯಿಯಲ್ಲಿ ಒಂದು ಲೋಟ ಕಾಫಿ ಕಾಯಿಸಿದಂತೆ. ಬ್ರೌಸರಿನಲ್ಲೇ ಅರ್ಧ ಕೆಲಸ ಸಿದ್ಧವಾಗಿದೆ. ಪ್ರತಿ ಚೌಕಕ್ಕೂ ‘ವ್ಯಾಲಿಡಿಟಿ’ ಎಂಬ ಒಂದು ಚೀಟಿ ಅಂಟಿರುತ್ತದೆ. ಖಾಲಿ ಇದೆಯೇ, ತೀರಾ ಚಿಕ್ಕದೇ, ಮಾದರಿಗೆ ಹೊಂದುವುದಿಲ್ಲವೇ ಎಂದೆಲ್ಲ ಅದರಲ್ಲಿ ಹೌದು, ಅಲ್ಲ ಎಂದು ಬರೆದಿರುತ್ತದೆ. ಆದರೆ ಅದರ ಸಂದೇಶ ಬರುವುದು ಬ್ರೌಸರ್ ಯಾವ ಭಾಷೆಯಲ್ಲಿದೆಯೋ ಆ ಭಾಷೆಯಲ್ಲಿ. ಕನ್ನಡ ತರಗತಿಯ ಕನ್ನಡ ಫಾರ್ಮಿನಲ್ಲಿ ಇಂಗ್ಲಿಷಿನ ಗುಳ್ಳೆಯೊಂದು ಮೇಲೇಳುತ್ತದೆ. ಅದನ್ನು ತಪ್ಪಿಸಲು ‘ಸೆಟ್‌ಕಸ್ಟಮ್‌ವ್ಯಾಲಿಡಿಟಿ’ ಎಂಬ ಫಂಕ್ಷನ್ ಇದೆ. ಅದಕ್ಕೊಂದು ವಾಕ್ಯ ಕೊಟ್ಟರೆ ಚೌಕ ತಪ್ಪಾಗಿದೆಯೆಂದು ಬ್ರೌಸರ್ ತಿಳಿಯುತ್ತದೆ, ಆ ವಾಕ್ಯವನ್ನೇ ತೋರಿಸುತ್ತದೆ. ಖಾಲಿ ವಾಕ್ಯ ಕೊಟ್ಟರೆ ತಪ್ಪು ಅಳಿಯುತ್ತದೆ. ಹಾಗೆ ಖಾಲಿ ಮಾಡುವುದನ್ನು ಮರೆತರೆ ಮಾತ್ರ ತುಂಬುವವರು ಏನೇ ತಿದ್ದಿದರೂ ಫಾರ್ಮ್ ಮುಂದೆ ಹೋಗದು. ಈ ಹಳ್ಳಕ್ಕೆ ಬೀಳದ ಪ್ರೋಗ್ರಾಮರ್ ಸಿಗುವುದು ಕಷ್ಟ. ಅವಳೂ ಒಂದು ಸಂಜೆ ಪೂರ್ತಿ ಅಲ್ಲೇ ಕಳೆದಳು.

ಉಳಿದರ್ಧ ಅವಳೇ ಬರೆದದ್ದು, ನಲವತ್ತು ಸಾಲಿನ ಆಸುಪಾಸು. ಅದರ ಹಿಂದಿನ ವಿಚಾರ ಸರಳ. ಒಂದು ನಿಯಮವೆಂದರೆ ಒಂದು ಪುಟ್ಟ ಫಂಕ್ಷನ್. ಚೌಕದಲ್ಲಿ ಬರೆದದ್ದನ್ನು ಅದರ ಕೈಗೆ ಕೊಟ್ಟರೆ, ಸರಿಯಿದ್ದರೆ ಖಾಲಿ ವಾಕ್ಯ, ಇಲ್ಲದಿದ್ದರೆ ಏನು ಮಾಡಬೇಕೆಂಬ ವಾಕ್ಯ ತಿರುಗಿ ಬರುತ್ತದೆ. ಇಂಥ ಫಂಕ್ಷನ್‌ಗಳನ್ನು ಹೆಸರಿನ ಸಮೇತ ಒಂದು ಮ್ಯಾಪ್‌ನಲ್ಲಿ ಇಟ್ಟಳು. ಜಾವಾಸ್ಕ್ರಿಪ್ಟಿನಲ್ಲಿ ಫಂಕ್ಷನ್‌ಗಳಿಗೆ ಕನ್ನಡ ಲಿಪಿಯಲ್ಲೇ ಹೆಸರಿಡಬಹುದೆಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅವಳ ನಿಯಮಗಳ ಹೆಸರು ಕಡ್ಡಾಯ, ಹೆಸರು, ಮೊಬೈಲು, ಪಿನ್, ವಯಸ್ಸು. ಎಚ್‌ಟಿಎಂಎಲ್‌ನಲ್ಲಿ ಆಯಾ ಚೌಕದ ಮೇಲೆ ‘ಕಡ್ಡಾಯ ಪಿನ್’ ಎಂದು ಬರೆದರೆ ಸಾಕು, ಕೋಡ್ ಆ ಎರಡು ನಿಯಮಗಳನ್ನು ಹುಡುಕಿ ಒಂದಾದ ಮೇಲೊಂದರಂತೆ ನಡೆಸುತ್ತದೆ, ಮೊದಲ ತಪ್ಪು ಸಿಕ್ಕಲ್ಲಿ ನಿಲ್ಲುತ್ತದೆ. ನಾಳೆ ಹೊಸ ನಿಯಮ ಬೇಕಾದರೆ ಹಳೆಯದನ್ನು ಮುಟ್ಟುವಂತಿಲ್ಲ. ಮ್ಯಾಪಿಗೆ ಒಂದು ಸಾಲು ಸೇರಿಸಿದರೆ ಆಯಿತು.

ಹೆಸರಿನ ನಿಯಮಕ್ಕೆ ಅವಳು ಹೆಚ್ಚು ಹೊತ್ತು ಕೊಟ್ಟಳು. ಎ ಇಂದ ಝಡ್‌ವರೆಗೆ ಎಂದು ಬರೆದರೆ ಕನ್ನಡ ಒಳಗೆ ಬರುವುದೇ ಇಲ್ಲ. 2018ರ ಜಾವಾಸ್ಕ್ರಿಪ್ಟಿನಿಂದ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳಲ್ಲಿ ‘ಯಾವ ಭಾಷೆಯದಾದರೂ ಸರಿ, ಅಕ್ಷರವಾಗಿರಬೇಕು’ ಎಂದು ಯೂನಿಕೋಡ್ ವರ್ಗವನ್ನೇ ಹೆಸರಿಸಬಹುದು. ಹಾಗೆ ಬರೆದು ನೋಡಿದಾಗ ‘ಕಮಲ’ ಪಾಸಾಯಿತು, ‘ಕಮಲಾ’ ಫೇಲಾಯಿತು. ಕಾರಣ, ಯೂನಿಕೋಡಿನ ಲೆಕ್ಕದಲ್ಲಿ ಕ, ಮ, ಲ ಇವು ಅಕ್ಷರ. ದೀರ್ಘ, ಗುಡಿಸು, ಕೊಂಬು, ಅರ್ಧಾಕ್ಷರ ಮಾಡುವ ವಿರಾಮ ಇವೆಲ್ಲ ಅಕ್ಷರವಲ್ಲ, ‘ಮಾರ್ಕ್’ ಎಂಬ ಬೇರೆ ವರ್ಗ. ಒಂದನೇ ಕ್ಲಾಸಿನ ಹುಡುಗ ‘ಕಾ’ವನ್ನು ಒಂದಕ್ಷರ ಎನ್ನುತ್ತಾನೆ. ಯೂನಿಕೋಡಿಗೆ ಅದು ಒಂದು ಅಕ್ಷರ, ಒಂದು ಮಾರ್ಕು. ಅವಳು ಮಾರ್ಕನ್ನೂ ಸೇರಿಸಿದಳು. ಜೊತೆಗೆ ಇನಿಶಿಯಲ್‌ಗಾಗಿ ಚುಕ್ಕಿ, ನಡುವಿನ ಖಾಲಿ ಜಾಗ. ಇಪ್ಪತ್ತು ಹೆಸರು ಹಾಕಿ ನೋಡಿದಳು. ಇಪ್ಪತ್ತೂ ಪಾಸು.

ಸೋಮವಾರ ಬೆಳಗ್ಗೆ ವಾಟ್ಸಾಪ್ ಗುಂಪಿನಲ್ಲಿ ಲಿಂಕ್ ಹೋಯಿತು. ಗುರುವಾರ ರಾತ್ರಿಗೆ ಮೂವತ್ತು ಸೀಟೂ ತುಂಬಿತು. ಒಂದೂ ತಪ್ಪಿಲ್ಲದ ಪಟ್ಟಿ. ಹತ್ತಂಕಿ ಇಲ್ಲದ ಮೊಬೈಲ್ ಇಲ್ಲ, ಅರ್ಧ ಬಿಟ್ಟ ವಿಳಾಸ ಇಲ್ಲ. ಖಜಾಂಚಿಯವರು ಕಪ್ಪು ಕನ್ನಡಕ ಹಾಕಿಕೊಂಡೇ ಪ್ರಿಂಟ್ ತೆಗೆಸಿ ಎಲ್ಲರಿಗೂ ತೋರಿಸಿದರು.

ಭಾನುವಾರ ತರಗತಿ ಶುರುವಾಗುವ ಹೊತ್ತಿಗೆ ಕಾಕಾ ಬಂದರು. ಮೂಲ ಬಿಜಾಪುರ ಜಿಲ್ಲೆ. ಪಿಂಪ್ರಿಯ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಕೈಯಲ್ಲಿ ಏಳು ವರ್ಷದ ಮೊಮ್ಮಗಳ ಕೈ, ಜೇಬಿನಲ್ಲಿ ಮಡಿಸಿದ ಒಂದು ಚೀಟಿ. ಸೊಸೆ ಸೋಲಾಪುರದ ಮರಾಠಿಯವಳು, ಮಗನದು ರಾತ್ರಿ ಪಾಳಿ. ಮನೆಯಲ್ಲಿ ಮಗುವಿನ ಜೊತೆ ಕನ್ನಡ ಆಡುವವರು ಈಗ ಕಾಕಾ ಒಬ್ಬರೇ. ಕಾಕೂ ತೀರಿಕೊಂಡ ಮೇಲೆ ಅದೂ ಕಡಿಮೆಯಾಗಿತ್ತು.

‘ಹೆಸರ ಹಚ್ಚಬೇಕಂತ ಎರಡು ರಾತ್ರಿ ಕುಂತೀನವಾ. ಹೋಗವಲ್ದು’ ಎಂದರು.

‘ಏನಂತ ಬಂತು ಕಾಕಾ?’

‘ನನ್ನ ಮಗನ ಹೆಸರ ಅಮಾನ್ಯ ಐತಂತ.’

ಚೀಟಿಯಲ್ಲಿ ಆ ಹೆಸರಿತ್ತು. ರಾಜ್‌ಕುಮಾರ್. ಪುಣೆಯಲ್ಲಿ ಕನ್ನಡ ಸಿನಿಮಾ ಬಂದರೆ ಸೈಕಲ್ಲು ತುಳಿದು ಹೋಗಿ ನೋಡುತ್ತಿದ್ದ ಕಾಲದಲ್ಲಿ ಹುಟ್ಟಿದ ಮಗನಿಗೆ ಬೇರೆ ಹೆಸರನ್ನು ಅವರು ಯೋಚಿಸಿಯೂ ಇರಲಿಲ್ಲ. ‘ರಾಜಕುಮಾರ ಅಂತ ಬರೀರಿ, ತಗೋತದ’ ಎಂದು ಸೊಸೆ ಹೇಳಿದ್ದಳಂತೆ. ಅವರು ಒಪ್ಪಲಿಲ್ಲ. ‘ನಾ ಇಟ್ಟ ಹೆಸರ ನಾನ ಹ್ಯಾಂಗ ಬದಲಿ ಮಾಡ್ಲಿ? ಅಣ್ಣಾವ್ರ ಹೆಸರ ಹ್ಯಾಂಗ ತಪ್ಪಾಗತೈತಿ?’ ಆಮೇಲೆ ಸ್ವಲ್ಪ ತಡೆದು, ‘ನನಗ ಬರಿಯಾಕ ಬಂದಿರಲಿಕ್ಕಿಲ್ಲ ಬಿಡವಾ, ವಯಸ್ಸಾತು’ ಎಂದರು.

ಆ ಕೊನೆಯ ಮಾತು ಅವಳಿಗೆ ನಾಟಿತು. ಸಿಟ್ಟು ಮಾಡಿದ್ದರೆ ಒಂದು ಕ್ಷಮೆ ಕೇಳಿ ಮುಗಿಸಬಹುದಿತ್ತು.

ಅವರದೇ ಫೋನಿನಲ್ಲಿ ಅವರಿಂದಲೇ ಬರೆಸಿ ನೋಡಿದಳು. ರಾಜ್‌ಕುಮಾರ್ ಎಂದು ಬರೆಯುತ್ತಲೇ ಚೌಕ ಕೆಂಪಾಯಿತು. ಕಣ್ಣಿಗೆ ಕಾಣುವ ಎಲ್ಲ ಅಕ್ಷರವೂ ಸರಿಯಿದ್ದವು. ತಪ್ಪು ಇದ್ದದ್ದು ಕಣ್ಣಿಗೆ ಕಾಣದ್ದರಲ್ಲಿ. ಈ ಹೆಸರಿನ ‘ಜ್’ ಮತ್ತು ‘ಕು’ ನಡುವೆ ಅಗಲವೇ ಇಲ್ಲದ ಒಂದು ಚಿಹ್ನೆ ಕೂತಿರುತ್ತದೆ. ಯೂನಿಕೋಡಿನಲ್ಲಿ ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್, ಸಂಖ್ಯೆ 200ಸಿ. ಅದಿಲ್ಲದಿದ್ದರೆ ಕ ಒತ್ತಕ್ಷರವಾಗಿ ಜಕಾರದ ಕೆಳಗಿಳಿದು ಹೆಸರು ‘ರಾಜ್ಕುಮಾರ್’ ಆಗಿಬಿಡುತ್ತದೆ. ಫೋನಿನ ಕೀಬೋರ್ಡ್ ತಾನೇ ಅದನ್ನು ಸೇರಿಸಿ ಕೊಡುತ್ತದೆ, ಬರೆಯುವವರಿಗೆ ಗೊತ್ತೂ ಆಗುವುದಿಲ್ಲ. ಈ ಬರಹದಲ್ಲೇ ಸರ್‌ನೇಮ್, ಆನ್‌ಲೈನ್, ವಾಚ್‌ಮನ್ ಎಂದು ಎಷ್ಟೋ ಕಡೆ ಅದು ಅಡಗಿ ಕೂತಿದೆ. ಯೂನಿಕೋಡ್ ಅದನ್ನು ಅಕ್ಷರವೆಂದೂ ಕರೆಯುವುದಿಲ್ಲ, ಮಾರ್ಕ್ ಎಂದೂ ಕರೆಯುವುದಿಲ್ಲ. ಅದರ ವರ್ಗ ‘ಫಾರ್ಮ್ಯಾಟ್’. ಅವಳ ನಿಯಮದಲ್ಲಿ ಆ ವರ್ಗ ಇರಲಿಲ್ಲ. ಸಾಕ್ಷಾತ್ ಅಣ್ಣಾವ್ರೇ ಬಂದಿದ್ದರೂ ಫಾರ್ಮ್ ಒಳಗೆ ಬಿಡುತ್ತಿರಲಿಲ್ಲ.

ಅವಳ ಇಪ್ಪತ್ತು ಹೆಸರುಗಳಲ್ಲಿ ಇದು ಯಾಕೆ ಸಿಗಲಿಲ್ಲ? ಅವು ಅವಳ ಬಳಗದ ಹೆಸರುಗಳು. ವೆಂಕಟೇಶ, ಲಕ್ಷ್ಮಿ, ಭಾಗ್ಯ, ಮಂಜುನಾಥ. ಒತ್ತಕ್ಷರ ಸಹಜವಾಗಿ ಕೂಡಿಕೊಳ್ಳುವ ಹೆಸರುಗಳಿಗೆ ಈ ಕಾಣದ ಚಿಹ್ನೆಯ ಹಂಗಿಲ್ಲ. ಅದು ಬೇಕಾಗುವುದು ವ್ಯಂಜನದಲ್ಲಿ ಮುಗಿಯುವ ತುಂಡಿಗೆ ಇನ್ನೊಂದು ತುಂಡು ಸೇರಿದಾಗ. ಮೆಹಬೂಬ್‌ಸಾಬ್, ಜಾನ್‌ಸನ್, ದಿಲ್‌ಶಾದ್. ಅಂದರೆ ಆ ನಿಯಮ ಹಾಗೇ ಉಳಿದಿದ್ದರೆ ಕನ್ನಡದಲ್ಲಿ ಹೆಸರು ಬರೆದ ಎಷ್ಟು ಜನರನ್ನು ಗೇಟಿನಲ್ಲೇ ನಿಲ್ಲಿಸುತ್ತಿತ್ತೋ, ಅವರಲ್ಲಿ ಮುಸ್ಲಿಮರೂ ಕ್ರೈಸ್ತರೂ ತಮ್ಮ ಪಾಲಿಗಿಂತ ಹೆಚ್ಚಿಗೆ ಇರುತ್ತಿದ್ದರು. ಯಾರನ್ನೂ ಹೊರಗಿಡುವ ಉದ್ದೇಶ ಯಾರಿಗೂ ಇರಲಿಲ್ಲ. ಹೊರಗುಳಿದವರಿಗೆ ಅದರಿಂದ ಏನೂ ವ್ಯತ್ಯಾಸವಾಗುವುದಿಲ್ಲ. ಸರ್‌ನೇಮ್ ಕೇಳಿದ ಬ್ಯಾಂಕಿನ ಪ್ರೋಗ್ರಾಮರಿಗೂ ತುಮಕೂರಿನ ಮೇಲೆ ದ್ವೇಷವೇನೂ ಇದ್ದಿರಲಿಕ್ಕಿಲ್ಲ.

ಒಂದೂ ತಪ್ಪಿಲ್ಲದ ಪಟ್ಟಿಯ ಗುಟ್ಟೂ ಆಗ ತಿಳಿಯಿತು. ಫಾರ್ಮ್ ಒಪ್ಪದವರು ಪಟ್ಟಿಯಲ್ಲಿ ಇರುವುದೇ ಇಲ್ಲ. ಖಜಾಂಚಿಯವರ ರಿಜಿಸ್ಟರಿನಲ್ಲಿ ಹೊಡೆದು ಹಾಕಿದ ಸಾಲು, ಬದಿಯಲ್ಲಿ ಬರೆದ ಪ್ರಶ್ನೆ, ‘ಅಜ್ಜ ಆಮೇಲೆ ಫೋನ್ ಮಾಡ್ತಾರಂತೆ’ ಎಂಬ ಟಿಪ್ಪಣಿ ಎಲ್ಲ ಇರುತ್ತಿದ್ದವು. ಫಾರ್ಮ್ ಹಾಗೆ ಯಾವ ಗುರುತನ್ನೂ ಇಟ್ಟುಕೊಳ್ಳಲಿಲ್ಲ.

ಆ ಭಾನುವಾರ ಮಗುವಿಗೆ ಮಾಡಿದ ವ್ಯವಸ್ಥೆ ಹಳೆಯ ಕಾಲದ್ದು. ಒಳಗಿನಿಂದ ಒಂದು ಪ್ಲಾಸ್ಟಿಕ್ ಸ್ಟೂಲ್ ತಂದರು, ಮೂವತ್ತೊಂದನೆಯ ಹೆಸರನ್ನು ಪ್ರಿಂಟಿನ ಕೆಳಗೆ ಪೆನ್ನಿನಲ್ಲಿ ಬರೆದರು. ಅಪ್ಪನ ಹೆಸರನ್ನು ಕಾಕಾ ತಾವೇ ಬರೆದರು, ದುಂಡಗೆ.

ಮನೆಗೆ ಹೋದ ಮೇಲೆ ಅವಳು ಮೊದಲು ಮಾಡಹೊರಟದ್ದು ಎಲ್ಲ ಪ್ರೋಗ್ರಾಮರುಗಳೂ ಮಾಡುವುದನ್ನೇ. 200ಸಿ ಸೇರಿಸುವುದು. ಅದರ ಪಕ್ಕದ 200ಡಿ ಎಂಬ ಜಾಯ್ನರನ್ನೂ. ಆಮೇಲೆ ಡಿಸೋಜಾ ಬರೆಯುವವರ ಮೇಲಿನ ಅಲ್ಪವಿರಾಮ, ಜೋಡಿ ಹೆಸರಿನ ನಡುವಿನ ಅಡ್ಡಗೆರೆ. ಅಷ್ಟಾಗುವಾಗ ಕೈ ನಿಂತಿತು. ಈ ನಿಯಮ ತಡೆಯಬೇಕಾದದ್ದು ಯಾರನ್ನು? ಅಂಕಿಯನ್ನು ಹೆಸರೆಂದು ಬರೆಯುವವರನ್ನೇ? ಅಂಥವರು ಕನ್ನಡ ತರಗತಿಗೆ ಯಾಕೆ ಬರುತ್ತಾರೆ. ಕಿಡಿಗೇಡಿಗಳು ಕೋಡ್ ತುರುಕುತ್ತಾರೆ ಎಂದರೆ ಅದನ್ನು ನೋಡಿಕೊಳ್ಳಬೇಕಾದದ್ದು ಸರ್ವರು, ಮತ್ತು ಹೆಸರನ್ನು ಪುಟದಲ್ಲಿ ತೋರಿಸುವ ಜಾಗ. ಈ ಚೌಕವಲ್ಲ. ಹೆಸರಿನ ನಿಯಮವನ್ನು ಅವಳು ಪೂರ್ತಿ ಅಳಿಸಿದಳು. ಉಳಿದದ್ದು ಕಡ್ಡಾಯ ಒಂದೇ. ಅದೂ ಬರೀ ಸ್ಪೇಸ್ ಒತ್ತಿ ತುಂಬಿದರೆ ಖಾಲಿ ಎಂದೇ ತಿಳಿಯುವಂಥದ್ದು. ಬ್ರೌಸರಿನ ಸ್ವಂತ ಕಡ್ಡಾಯ ಅಲ್ಲಿ ಮೋಸ ಹೋಗುತ್ತದೆ.

‘ಕನಿಷ್ಠ ಮೂರು ಅಕ್ಷರ’ ಎಂಬುದನ್ನೂ ತೆಗೆದಳು. ಇಂಗ್ಲಿಷಿನಲ್ಲಿ ಜಯ ಎಂದರೆ ನಾಲ್ಕಕ್ಷರ. ಕನ್ನಡದಲ್ಲಿ ಜ, ಯ ಎರಡೇ. ಲಕ್ಷ್ಮಿಯೂ ಉಚ್ಚರಿಸುವವರಿಗೆ ಎರಡೇ ಅಕ್ಷರ, ಆದರೆ ಜಾವಾಸ್ಕ್ರಿಪ್ಟಿನ ಎಣಿಕೆಗೆ ಏಳು: ಲ, ಕ, ವಿರಾಮ, ಷ, ವಿರಾಮ, ಮ, ಗುಡಿಸು. ಛಂದಸ್ಸು ಕಲಿಸುವ ಮೇಷ್ಟ್ರಿಗೆ ಈ ಎಣಿಕೆ ತೋರಿಸಿದರೆ ಬೆತ್ತ ಹುಡುಕುತ್ತಾರೆ.

ಮೊಬೈಲ್ ಮತ್ತು ಪಿನ್‌ಕೋಡ್ ನಿಯಮಗಳು ಉಳಿದವು, ಆದರೆ ಸ್ವಭಾವ ಬದಲಾಯಿತು. ಮೊದಲು ಅವು ಸ್ಪೇಸ್ ಕಂಡರೆ ಬೈಯುತ್ತಿದ್ದವು. ಕಾಕಾ ನಂಬರನ್ನು ಐದೈದು ಅಂಕಿಯಾಗಿ ಬಿಡಿಸಿ ಬರೆಯುವವರು, ಎದುರಿಗೆ +91 ಸೇರಿಸುವವರು. ಅದರಲ್ಲಿ ತಪ್ಪೇನಿದೆ? ಈಗ ಪ್ರತಿ ನಿಯಮದ ಮುಂದೆ ಒಂದು ಶುಚಿ ಮಾಡುವ ಫಂಕ್ಷನ್ ಕೂತಿತು. ಅದು ಸ್ಪೇಸು, ಅಡ್ಡಗೆರೆ, ದೇಶದ ಸಂಖ್ಯೆ ಕಳೆದು ಹತ್ತು ಅಂಕಿ ಉಳಿಸುತ್ತದೆ. ಆಮೇಲೆ ನೋಡಬೇಕಾದದ್ದು ಮೊದಲ ಅಂಕಿ ಆರರಿಂದ ಒಂಬತ್ತರೊಳಗೆ ಇದೆಯೇ ಎಂದಷ್ಟೇ. ಅಕ್ಕಿ ಆರಿಸಿ ತೊಳೆಯುವುದು ಅನ್ನ ಮಾಡುವವರ ಕೆಲಸವೇ ಹೊರತು ಉಣ್ಣಲು ಬಂದವರದ್ದಲ್ಲ.

ಕನ್ನಡ ಅಂಕಿಗಳದು ಇನ್ನೊಂದು ಕಥೆ. ೫೮೬೧೦೧ ಎಂದು ಬರೆದರೆ ಅದು ಬಿಜಾಪುರದ ಪಿನ್‌ಕೋಡೇ. ಆದರೆ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ ‘ಅಂಕಿ’ ಎಂಬುದಕ್ಕಿರುವ ಚಿಹ್ನೆ ಜಾವಾಸ್ಕ್ರಿಪ್ಟಿನಲ್ಲಿ ಇಂಗ್ಲಿಷಿನ ಸೊನ್ನೆಯಿಂದ ಒಂಬತ್ತನ್ನು ಮಾತ್ರ ಗುರುತಿಸುತ್ತದೆ. ಕನ್ನಡದ ಹತ್ತು ಅಂಕಿಗಳು ಯೂನಿಕೋಡಿನಲ್ಲಿ ಸಾಲಾಗಿ ನಿಂತಿರುವುದರಿಂದ ಒಂದು ಕಳೆಯುವ ಲೆಕ್ಕದಲ್ಲಿ ಬದಲಾಯಿಸಬಹುದು. ಎರಡು ಸಾಲು ಕೋಡ್. ದೇವನಾಗರಿಗೂ ಇದೇ ಉಪಾಯ, ಪುಣೆಯಲ್ಲವೇ.

ಸಮಯದ ವಿಷಯವೂ ಇತ್ತು. ಮೊದಲಿನ ಫಾರ್ಮ್ ಒಂದೊಂದು ಅಕ್ಷರ ಒತ್ತಿದಾಗಲೂ ತಪಾಸಣೆ ಮಾಡುತ್ತಿತ್ತು. ಮೊಬೈಲಿನ ಮೊದಲ ಅಂಕಿ ಬರೆಯುವಷ್ಟರಲ್ಲಿ ‘ಹತ್ತು ಅಂಕಿ ಇರಬೇಕು’ ಎಂಬ ಕೆಂಪು ಸಾಲು. ಮಾತು ಮುಗಿಯುವ ಮುಂಚೆ ಬಾಯಿ ಹಾಕುವ ಸಂಬಂಧಿಕರಂತೆ. ಈಗ ಚೌಕ ಬಿಟ್ಟು ಹೊರಟ ಮೇಲೆ ಮಾತ್ರ ನೋಡುತ್ತದೆ. ಒಮ್ಮೆ ತಪ್ಪೆಂದು ಹೇಳಿದ ಮೇಲೆ ತಿದ್ದುವಾಗ ಪ್ರತಿ ಅಕ್ಷರಕ್ಕೂ ನೋಡುತ್ತದೆ, ಸರಿಯಾದ ಕ್ಷಣ ಕೆಂಪು ಅಳಿಸಲಿಕ್ಕೆ. ಸಂದೇಶ ಬಣ್ಣದಲ್ಲಿ ಮಾತ್ರ ಇರದೆ ಸ್ಕ್ರೀನ್ ರೀಡರ್ ಓದುವ ಹಾಗೆ ಚೌಕಕ್ಕೆ ಕಟ್ಟಿರುತ್ತದೆ.

‘ಅಪ್ಪನ ಮೊಬೈಲು ಕಡ್ಡಾಯ’ ಎಂಬುದೂ ಹೋಯಿತು. ರಾತ್ರಿ ಪಾಳಿಯ ಅಪ್ಪನಿಗೆ ಹಗಲು ಫೋನ್ ಮಾಡಿ ಎಬ್ಬಿಸುವುದರಿಂದ ಯಾರಿಗೆ ಲಾಭ? ಅಪ್ಪ, ಅಮ್ಮ, ಅಜ್ಜ, ಅಜ್ಜಿ ಯಾರದ್ದಾದರೂ ಒಂದು ಸಾಕು. ಇದಕ್ಕೆ ಒಂದು ಚೌಕ ನೋಡಿದರೆ ಸಾಲದು, ಉಳಿದವೂ ಕಾಣಬೇಕು. ನಿಯಮದ ಫಂಕ್ಷನ್ನಿಗೆ ಎರಡನೆಯ ಆರ್ಗ್ಯುಮೆಂಟಾಗಿ ಇಡೀ ಫಾರ್ಮಿನ ಮಾಹಿತಿ ಕೊಟ್ಟಳು. ಹಳೆಯ ನಿಯಮಗಳು ಅದರ ಕಡೆ ನೋಡದೆ ಮೊದಲಿನಂತೆಯೇ ನಡೆದವು. ಆ ನಲವತ್ತು ಸಾಲು ಚೆನ್ನಾಗಿ ಕಟ್ಟಿದ್ದಕ್ಕೆ ಇದೇ ಗುರುತು.

ಹೆಚ್ಚು ಹೊತ್ತು ಹಿಡಿದದ್ದು ಮಾತುಗಳು. ‘ಅಮಾನ್ಯ’ ಅವಳ ಪದವಾಗಿರಲಿಲ್ಲ, ‘ಇನ್‌ವ್ಯಾಲಿಡ್’ ಎಂಬುದಕ್ಕೆ ನಿಘಂಟಿನಲ್ಲಿ ಸಿಕ್ಕಿದ್ದು. ಕನ್ನಡದವರು ಆ ಪದವನ್ನು ದಿನನಿತ್ಯ ಕೇಳಿದ್ದು 2016ರ ನವೆಂಬರಿನಲ್ಲಿ, ಐನೂರು, ಸಾವಿರದ ನೋಟುಗಳು ರದ್ದಾದಾಗ. ಬೆಲೆ ಕಳೆದುಕೊಂಡ ಕಾಗದಕ್ಕೆ ಹೇಳುವ ಮಾತನ್ನು ಮಗನ ಹೆಸರಿಗೆ ಹೇಳಿದರೆ ಹಿರಿಯರೊಬ್ಬರಿಗೆ ಹೇಗೆ ಕೇಳಿಸಬೇಕು? ಇಂಗ್ಲಿಷಿನಲ್ಲಿ ಆ ಪದ ಸವೆದು ಹೋಗಿದೆ, ಯಾರಿಗೂ ಚುಚ್ಚುವುದಿಲ್ಲ. ಕನ್ನಡದಲ್ಲಿ ಇನ್ನೂ ಚುಚ್ಚುತ್ತದೆ. ಅವಳು ಎಲ್ಲ ಸಂದೇಶಗಳನ್ನೂ ಮತ್ತೆ ಬರೆದಳು. ‘ಪಿನ್‌ಕೋಡ್ ಅಮಾನ್ಯ’ ಇದ್ದದ್ದು ‘ಪಿನ್‌ಕೋಡಿಗೆ ಆರು ಅಂಕಿ ಬೇಕು, ಇಲ್ಲಿ ಐದಿವೆ’ ಎಂದಾಯಿತು. ‘ಈ ಕ್ಷೇತ್ರ ಕಡ್ಡಾಯ’ ಇದ್ದದ್ದು ‘ಮಗುವಿನ ಹೆಸರು ಬರೆಯಿರಿ’ ಎಂದಾಯಿತು. ಕ್ಷೇತ್ರ ಎಂದರೆ ಧರ್ಮಸ್ಥಳ, ಉಡುಪಿ. ಫಾರ್ಮಿನಲ್ಲಿರುವುದು ಚೌಕ.

ಕೊನೆಗೆ ಒಂದು ಎಣಿಕೆ ಸೇರಿಸಿದಳು. ಯಾವ ಚೌಕದಲ್ಲಿ ಯಾವ ನಿಯಮ ಎಷ್ಟು ಸಲ ತಡೆಯಿತು ಎಂಬ ಲೆಕ್ಕ ಮಾತ್ರ ಸರ್ವರಿಗೆ ಹೋಗುತ್ತದೆ, ಜನ ಬರೆದದ್ದಲ್ಲ. ಎಲ್ಲದರ ಕೆಳಗೆ ಖಜಾಂಚಿಯವರ ಫೋನ್ ನಂಬರು, ‘ಆಗದಿದ್ದರೆ ಫೋನ್ ಮಾಡಿ’ ಎಂಬ ಸಾಲಿನ ಜೊತೆ.

ಈ ವರ್ಷ ಮತ್ತೆ ಲಿಂಕ್ ಹೋದ ದಿನ ಬೆಳಗಿನ ಆರು ಗಂಟೆಯ ಸುಮಾರಿಗೆ ಮೊದಲ ಸಾಲು ಬಂದು ಕೂತಿತು. ಅಪ್ಪನ ಹೆಸರಿನ ಚೌಕದಲ್ಲಿ ಕಾಣದ ಚಿಹ್ನೆಯ ಸಮೇತ ರಾಜ್‌ಕುಮಾರ್. ಮೊಬೈಲು ಅಜ್ಜನದು. ‘ಬೇರೆ ಏನಾದರೂ ಹೇಳುವುದಿದ್ದರೆ’ ಎಂಬ ಕೊನೆಯ ಚೌಕವನ್ನು ಉಳಿದವರೆಲ್ಲ ಖಾಲಿ ಬಿಡುತ್ತಾರೆ. ಕಾಕಾ ಬಿಟ್ಟಿರಲಿಲ್ಲ. ‘ಈ ಸಲ ಬೈಲಿಲ್ಲ’ ಎಂದು ಬರೆದಿದ್ದರು.